ಕಡಲ ಆಮ್ಲತೆಗೆ ಕಡಿಯದ ಲೆಕ್ಕ

ಶಾಂತಸಾಗರದ ನಡುವೆ, ಹವಾಯಿ ದ್ವೀಪಸ್ತೋಮದ ಓವಾಹು ದ್ವೀಪಕ್ಕೆ ಉತ್ತರದಲ್ಲಿ, ದಡದಿಂದ ಸುಮಾರು 100 ಕಿಲೋಮೀಟರು ದೂರದಲ್ಲಿ, ನೀರಿನ ಆಳ ನಾಲ್ಕೂಮುಕ್ಕಾಲು ಕಿಲೋಮೀಟರಿನಷ್ಟಿರುವ ಒಂದು ತಾಣವುಂಟು. ಅಲೋಹಾ ಎಂದು ಅದರ ಹೆಸರು. ಕಣ್ಣಿಗೆ ಅಲ್ಲಿ ಕಾಣತಕ್ಕದ್ದು ವಿಶೇಷವಾಗಿ ಏನೂ ಇಲ್ಲ. ಸುತ್ತಲ ನೀರಿಗೂ ಆ ನೀರಿಗೂ ಭೇದವಿಲ್ಲ. ಆದರೂ 1988ರ ಅಕ್ಟೋಬರು ಮೊದಲ್ಗೊಂಡು, ಸರಿಸುಮಾರು ತಿಂಗಳಿಗೊಮ್ಮೆ, ಹಡಗೊಂದು ಅಲ್ಲಿಗೆ ಹೋಗಿ, ಅದೇ ಸ್ಥಳದಲ್ಲಿ ನಿಂತು, ಮೇಲ್ಪದರದಿಂದ ತೊಡಗಿ ಸಾಗರತಳದವರೆಗಿನ ನಾನಾ ಆಳಗಳಿಂದ ನೀರನ್ನು ಸೀಸೆಗಳಲ್ಲಿ ತುಂಬಿಕೊಂಡು ಬರುತ್ತಿದೆ. ಹೀಗೆ ಮೂರು ದಶಕಗಳಿಗೂ ಮಿಕ್ಕಿ ತುಂಬಿ ತಂದ ಸೀಸೆಗಳು ತಿಳಿಸಿರುವ ಅನೇಕ ಸಂಗತಿಗಳಲ್ಲಿ ಇದೊಂದು: ಆರಂಭದಲ್ಲಿ 8.11ರ ಆಸುಪಾಸಿನಲ್ಲಿದ್ದ ಮೇಲ್ಪದರದ ಪಿಎಚ್ ಅಂಕ ಈಗ 8.05ರ ಸಮೀಪಕ್ಕೆ ಇಳಿದಿದೆ. ವರ್ಷವೊಂದಕ್ಕೆ ಆ ಇಳಿತ 0.002ಕ್ಕೂ ತುಸು ಕಡಿಮೆ. ಇಷ್ಟು ಅಲ್ಪವಾದ ಸಂಖ್ಯೆಯನ್ನು ಓದುಗರ ಮುಂದಿಟ್ಟು, ಇದನ್ನು ಕುರಿತು ನಮ್ಮ ದೇಶವೂ ಚಿಂತಿಸಬೇಕು, ಹಣ ವೆಚ್ಚಮಾಡಬೇಕು, ಅದನ್ನೂ ಒಂದು ಯೋಜನೆಯ ಅವಧಿಗೆ ಮುಗಿಸಿಬಿಡದೆ ತಲೆಮಾರುಗಳವರೆಗೆ ನಡೆಸಿಕೊಂಡು ಹೋಗಬೇಕು ಎಂದು ವಾದಿಸುವುದು ಈ ಲೇಖನದ ಉದ್ದೇಶ.

ಮೊದಲು ಆ ಅಂಕದ ಸ್ವಭಾವವನ್ನು ಅರಿಯಬೇಕು. ಪಿಎಚ್ ಮಾನವನ್ನು 1909ರಲ್ಲಿ ಏರ್ಪಡಿಸಿದವನು ಡೆನ್ಮಾರ್ಕಿನ ಸೋರೆನ್‌ಸನ್; ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಕಿಣ್ವಗಳನ್ನು ಕುರಿತು ಸಂಶೋಧನೆ ನಡೆಸುತ್ತಿದ್ದ ಆತನಿಗೆ, ದ್ರವದಲ್ಲಿರುವ ಹೈಡ್ರೋಜನ್ ಅಯಾನುಗಳ ಅತಿಸೂಕ್ಷ್ಮವಾದ ಪ್ರಮಾಣಗಳನ್ನು ಸೊನ್ನೆಗಳ ಸಾಲಿಲ್ಲದೆ ಬರೆಯುವ ಒಂದು ಕ್ರಮ ಬೇಕಾಗಿತ್ತು. ಅದು ಲಾಗರಿತಮಿನ ಮಾನ. ಅಂಕ ಒಂದು ಇಳಿಯಿತೆಂದರೆ ಆಮ್ಲಕಾರಕವಾದ ಆ ಅಯಾನುಗಳು ಹತ್ತುಮಡಿಯಾದುವೆಂದು ಅರ್ಥ. ಆದುದರಿಂದ 8.11ರಿಂದ 8.05ಕ್ಕೆ ಎಂಬ ಮಾತು ನೋಡುವುದಕ್ಕೆ ಎಷ್ಟೇ ಅಲ್ಪವಾಗಿರಲಿ, ಅಯಾನುಗಳ ಲೆಕ್ಕದಲ್ಲಿ ಅದು ಶೇಕಡಾ 15ರಷ್ಟು ವೃದ್ಧಿ. ಕೈಗಾರಿಕೆಯ ಯುಗಕ್ಕೆ ಹಿಂದಿನಿಂದ ಎಣಿಸಿದರೆ ಜಗತ್ತಿನ ಸಾಗರಗಳ ಮೇಲ್ಪದರ ಸರಾಸರಿ 0.1ರಷ್ಟು ಇಳಿದಿದೆ, ಅಂದರೆ ಅಯಾನುಗಳು ಕಾಲುಭಾಗಕ್ಕೂ ಮಿಗಿಲಾಗಿ ಹೆಚ್ಚಿವೆ. ಹಾಗೆಂದು ಕಡಲು ಹುಳಿಯಾಗಿಬಿಟ್ಟಿತೆಂದು ಯಾರೂ ಭಾವಿಸಬೇಕಾಗಿಲ್ಲ. 7ಕ್ಕಿಂತ ಮೇಲಿರುವ ನೀರು ಕ್ಷಾರಗುಣದ್ದು, ನಮ್ಮ ಎಣಿಕೆಗೆ ನಿಲುಕುವ ಕಾಲದಲ್ಲೆಲ್ಲ ಕಡಲು ಕ್ಷಾರವಾಗಿಯೇ ಇರುವುದು. ಆದರೆ ಅಲ್ಲಿ ವಾಸಿಸುವ ಜೀವಿಗಳಿಗೆ 7 ಎಂಬ ಗಡಿ ಮುಖ್ಯವಲ್ಲ. ತಾವು ಯಾವ ನೀರಿನಲ್ಲಿ ವಿಕಾಸಹೊಂದಿದುವೋ ಆ ನೀರಿನ ಗುಣದಿಂದ ಎಷ್ಟು ದೂರ ಮತ್ತು ಎಷ್ಟು ಶೀಘ್ರವಾಗಿ ಸರಿಯಬೇಕಾಯಿತೆಂಬುದೇ ಮುಖ್ಯ.

ಕಾರಣ ಗೂಢವಾದುದೇನೂ ಅಲ್ಲ. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿಯೂ ಅರಣ್ಯಗಳನ್ನು ಕಡಿದೂ ಮನುಷ್ಯನು ವಾಯುಮಂಡಲಕ್ಕೆ ಬಿಡುತ್ತಿರುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ನಾಲ್ಕನೆಯ ಒಂದು ಪಾಲನ್ನು ಕಡಲು ಹೀರಿಕೊಳ್ಳುತ್ತದೆ. ಹೀರಿದ ಅನಿಲ ನೀರಿನೊಡನೆ ಕೂಡಿ ಕಾರ್ಬಾನಿಕ್ ಆಮ್ಲವಾಗುತ್ತದೆ; ಆ ಆಮ್ಲ ಬಿಟ್ಟುಕೊಟ್ಟ ಹೈಡ್ರೋಜನ್ ಅಯಾನುಗಳಲ್ಲಿ ಬಹುಪಾಲು, ನೀರಿನಲ್ಲಿ ಮೊದಲೇ ಕರಗಿರುವ ಕಾರ್ಬೊನೇಟಿನೊಡನೆ ಸೇರಿ ಅದನ್ನು ಬೈಕಾರ್ಬೊನೇಟಾಗಿ ಮಾರ್ಪಡಿಸುತ್ತವೆ. ಹವಳವೂ ಚಿಪ್ಪುಜೀವಿಗಳೂ ಅನೇಕ ಸೂಕ್ಷ್ಮಪ್ಲವಕಗಳೂ ತಮ್ಮ ಸುಣ್ಣದ ಕವಚವನ್ನು ಕಟ್ಟಿಕೊಳ್ಳುವುದಕ್ಕೆ ನೀರಿನಲ್ಲಿ ಸಮೃದ್ಧವಾಗಿರಬೇಕಾದುದು ಆ ಕಾರ್ಬೊನೇಟೇ ಆದುದರಿಂದ, ಆಮ್ಲತೆಯ ಏರಿಕೆಯೊಂದಿಗೆ ಅವುಗಳ ಕಟ್ಟೋಣದ ಸಾಮಗ್ರಿ ವಿರಳವಾಗುತ್ತ ಬರುವುದು. ಭೂಮಿಯ ಕಾವಿನ ಏರಿಕೆ ಎಷ್ಟಾದೀತೆಂಬುದನ್ನು ಕುರಿತು ವಾದಕ್ಕೆ ಎಡೆಯಿರಬಹುದು; ಇಲ್ಲಿ ನಡೆಯುತ್ತಿರುವುದಾದರೋ ಕಾಲೇಜಿನ ರಸಾಯನಶಾಸ್ತ್ರದ ವಿದ್ಯಾರ್ಥಿ ತನ್ನ ಮೇಜಿನ ಮೇಲೆ ಮಾಡಿ ನೋಡಬಹುದಾದ ಕ್ರಿಯೆ.

ಆದರೆ ಕ್ರಿಯೆಯನ್ನು ಅರಿಯುವುದು ಬೇರೆ, ಅದು ಇಂಥ ಕಡಲಿನಲ್ಲಿ ಇಷ್ಟು ವರ್ಷಗಳಲ್ಲಿ ಇಷ್ಟು ನಡೆಯಿತೆಂದು ಪ್ರಮಾಣಪೂರ್ವಕವಾಗಿ ಹೇಳುವುದು ಬೇರೆ. ಈ ಎರಡನೆಯ ಕಾರ್ಯದ ಕಷ್ಟವನ್ನು ನಮ್ಮ ಸಾರ್ವಜನಿಕರು ಬಲ್ಲರೆಂದು ನನಗೆ ತೋರುವುದಿಲ್ಲ. ಅಳೆಯಬೇಕಾದುದು ವರ್ಷಕ್ಕೆ 0.002ರಷ್ಟು ಇಳಿತ. ಅದೇ ಸೀಸೆಯ ನೀರು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದರ ಪಿಎಚ್ ಸುಮಾರು 0.015ರಷ್ಟು ಇಳಿಯುತ್ತದೆ, ಎಂದರೆ, ಪ್ರಯೋಗಾಲಯದ ಉಷ್ಣಮಾಪಕದಲ್ಲಿ ಒಂದು ಡಿಗ್ರಿಯ ದೋಷವಿದ್ದರೆ ಏಳೆಂಟು ವರ್ಷಗಳ ಬದಲಾವಣೆಯನ್ನು ಆ ದೋಷವೇ ಹುಟ್ಟಿಸಬಲ್ಲುದು ಅಥವಾ ಅಳಿಸಬಲ್ಲುದು. ಬೇಸಿಗೆಗೂ ಚಳಿಗಾಲಕ್ಕೂ ನಡುವಿನ ಏರಿಳಿತ ಅದಕ್ಕಿಂತ ದೊಡ್ಡದು. ದಡದ ಸಮೀಪದಲ್ಲಂತೂ, ಹಗಲಿನಲ್ಲಿ ಜಲಸಸ್ಯಗಳು ಅನಿಲವನ್ನು ಹೀರುವುದರಿಂದಲೂ ಇರುಳಿನಲ್ಲಿ ಎಲ್ಲ ಜೀವಿಗಳೂ ಅದನ್ನು ಉಸಿರಾಗಿ ಬಿಡುವುದರಿಂದಲೂ, ಒಂದೇ ದಿನದೊಳಗಿನ ಏರಿಳಿತ ಹಲವು ದಶಕಗಳ ಇಳಿತವನ್ನು ಮೀರಿಸಬಹುದು. ಇವೆಲ್ಲವುಗಳ ಅಡಿಯಲ್ಲಿ, ಎಂದೂ ಹಿಂದಿರುಗದೆ ಒಂದೇ ದಿಕ್ಕಿಗೆ ಸರಿಯುತ್ತಿರುವ ಆ ಮಂದಗತಿಯನ್ನು ಬೇರ್ಪಡಿಸಿ ತೋರಿಸುವುದಕ್ಕೆ ಕಾಲವೊಂದೇ ಸಾಧನ. ಒಂದೆರಡು ವರ್ಷಗಳ ಅಳತೆ, ಅದು ಎಷ್ಟೇ ನಿಷ್ಕೃಷ್ಟವಾಗಿರಲಿ, ಈ ಪ್ರಶ್ನೆಗೆ ಉತ್ತರ ಕೊಡಲಾರದು.

ಉಪಕರಣದ ವಿಚಾರವೂ ಹಾಗೆಯೇ. ಗಾಜಿನ ಇಲೆಕ್ಟ್ರೋಡಿನಿಂದ ಅಳೆಯುವುದು ಸುಲಭವಾದರೂ ಅದರ ಓದು ದಿನಗಳೆದಂತೆ ತಾನಾಗಿ ಜಾರುವ ಸ್ವಭಾವದ್ದು. ಅದಕ್ಕಾಗಿ ಎಂಬತ್ತು, ತೊಂಬತ್ತರ ದಶಕಗಳಿಂದೀಚೆಗೆ ವಿಜ್ಞಾನಿಗಳು ಬಣ್ಣದ ಮಾರ್ಗವನ್ನು ಹಿಡಿದರು: ಕಡಲ ನೀರಿಗೆ ಮೆಟಾ-ಕ್ರೆಸಾಲ್ ಪರ್ಪಲ್ ಎಂಬ ವರ್ಣದ್ರವ್ಯವನ್ನು ತುಸುವೇ ಬೆರೆಸಿ, ಅದರ ಮೂಲಕ ಬೆಳಕನ್ನು ಹಾಯಿಸಿ, ನೇರಿಳೆ ಮತ್ತು ಹಳದಿ ರೂಪಗಳಲ್ಲಿ ಯಾವುದು ಎಷ್ಟಿದೆಯೆಂಬುದರಿಂದ ಆಮ್ಲತೆಯನ್ನು ಗಣಿಸುವ ಈ ವಿಧಾನದಲ್ಲಿ ಸಾವಿರದ ಒಂದಂಶದವರೆಗಿನ ಸೂಕ್ಷ್ಮತೆ ಸಾಧ್ಯವಾಯಿತು. ಮುಂದೆ ಆ ವರ್ಣದ್ರವ್ಯದಲ್ಲಿಯೇ ಕಲ್ಮಷಗಳಿದ್ದು, ಒಂದೊಂದು ಕಾರ್ಖಾನೆಯ ಸರಕು ಒಂದೊಂದು ಬಗೆಯಾಗಿ ಅಳತೆಯನ್ನು ಓರೆಮಾಡುವುದೆಂದು ತಿಳಿದುಬರಲಾಗಿ, ಅದನ್ನು ಶುದ್ಧಿಗೊಳಿಸಿ ಬಳಸುವ ಪದ್ಧತಿಯೂ ಬಂದಿತು. ಪಿಎಚ್ ಒಂದನ್ನೇ ನೆಚ್ಚದೆ, ನೀರಿನಲ್ಲಿ ಕರಗಿರುವ ಒಟ್ಟು ಅಜೈವಿಕ ಇಂಗಾಲ, ಒಟ್ಟು ಕ್ಷಾರತೆ, ಅನಿಲದ ಒತ್ತಡ ಎಂಬ ಇನ್ನು ಮೂರು ಗುಣಗಳಲ್ಲಿ ಒಂದೆರಡನ್ನಾದರೂ ಜೊತೆಗೆ ಅಳೆಯುವುದು ಕ್ರಮ; ನಾಲ್ಕರಲ್ಲಿ ಯಾವ ಎರಡು ತಿಳಿದರೂ ಉಳಿದೆರಡನ್ನು ಗಣಿತದಿಂದ ಪಡೆಯಬಹುದಾದುದರಿಂದ, ಒಂದು ಅಳತೆ ತಪ್ಪಿದರೆ ಮತ್ತೊಂದು ಅದನ್ನು ಹಿಡಿದುಕೊಡುತ್ತದೆ. ತನ್ನ ಸಾಕ್ಷಿಯನ್ನು ತಾನೇ ಇಷ್ಟು ನಿಷ್ಠುರವಾಗಿ ಪರೀಕ್ಷಿಸಿಕೊಳ್ಳುವ ಈ ಶಿಸ್ತನ್ನು ಕಂಡಾಗ ನನಗೆ ಗೌರವವುಂಟಾಗುತ್ತದೆ.

ಅಳತೆಗಳೆಲ್ಲ ಒಂದಕ್ಕೊಂದು ಒಪ್ಪಬೇಕಾದರೆ ಎಲ್ಲಕ್ಕೂ ಸಮಾನವಾದ ಒಂದು ಪ್ರಮಾಣ ಬೇಕು. ಅದಕ್ಕೆ ಅಮೆರಿಕೆಯ ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರವಿಜ್ಞಾನ ಸಂಸ್ಥೆಯಲ್ಲಿ ಆಂಡ್ರ್ಯೂ ಡಿಕ್ಸನ್ ಎಂಬ ರಸಾಯನವಿಜ್ಞಾನಿಯ ನೇತೃತ್ವದಲ್ಲಿ ಪ್ರಮಾಣಜಲವೊಂದು ಸಿದ್ಧವಾಗುತ್ತ ಬಂದಿದೆ. ಕಡಲ ನೀರನ್ನೇ ಸೋಸಿ, ಜೀವಾಣುಗಳು ಅದರ ಗುಣವನ್ನು ಕೆಡಿಸದಂತೆ ಪಾದರಸದ ಲವಣವನ್ನು ಹಾಕಿ, ಗುಣಗಳನ್ನು ಪರಮ ನಿಷ್ಕೃಷ್ಟವಾಗಿ ನಿರ್ಧರಿಸಿ, ಮುದ್ರೆಯೊತ್ತಿ ಜಗತ್ತಿನ ಪ್ರಯೋಗಾಲಯಗಳಿಗೆ ಕಳುಹಿಸುತ್ತಾರೆ. ಬರ್ಮುಡಾದಲ್ಲಿ ಅಳೆಯುವವನೂ ನ್ಯೂಜಿಲೆಂಡಿನಲ್ಲಿ ಅಳೆಯುವವನೂ ತನ್ನ ಯಂತ್ರ ಈ ನೀರನ್ನು ಸರಿಯಾಗಿ ಓದುವುದೇ ಎಂದು ಮೊದಲು ಪರೀಕ್ಷಿಸಿಕೊಂಡು ಆಮೇಲೆ ತನ್ನ ಕಡಲಿನ ನೀರಿಗೆ ಕೈಹಾಕುತ್ತಾನೆ. ಕೊರೋನಾ ವ್ಯಾಧಿಯ ಕಾಲದಲ್ಲಿ ಆ ಪ್ರಯೋಗಾಲಯದ ಕೆಲಸಕ್ಕೆ ಅಡಚಣೆಯಾಗಲು, ಇಷ್ಟು ವಿಸ್ತಾರವಾದ ಲೋಕಕಾರ್ಯ ಬಹುಮಟ್ಟಿಗೆ ಒಂದೇ ಸ್ಥಳದ ಸೀಸೆಗಳನ್ನು ಆಶ್ರಯಿಸಿತ್ತೆಂಬ ಸಂಗತಿ ಎಲ್ಲರ ಅರಿವಿಗೂ ಬಂದಿತು. ಇಂಥ ಜಲ ಒಂದಕ್ಕಿಂತ ಹೆಚ್ಚು ಕಡೆಗಳಲ್ಲಿ, ನಮ್ಮ ದೇಶದಲ್ಲಿಯೂ, ನಿರಂತರವಾಗಿ ಸಿದ್ಧವಾಗುವಂತಾಗಬೇಕೆಂಬುದು ನನ್ನ ಅಭಿಪ್ರಾಯ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಕಡಲಿನ ಪಿಎಚ್ ಅನ್ನು ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಅಳೆಯುತ್ತ ಬಂದಿದ್ದಾರಲ್ಲ, ಆ ಹಳೆಯ ದಾಖಲೆಗಳನ್ನು ಬದಿಗಿರಿಸಿ 1980ರ ದಶಕದಿಂದೀಚಿನವನ್ನು ಮಾತ್ರ ಮುಂದಿಡುವುದೇಕೆ, ತಮಗೆ ಅನುಕೂಲವಾದುದನ್ನು ಆರಿಸಿಕೊಳ್ಳುವುದಕ್ಕಲ್ಲವೇ, ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಯುಕ್ತವಾದುದೇ, ಅದನ್ನು ತಿರಸ್ಕರಿಸಲಾಗದು. ಉತ್ತರವೇನೆಂದರೆ, ಆ ಹಳೆಯ ಅಳತೆಗಳಲ್ಲಿ ಹಲವು, ಬಣ್ಣದ ಪಟ್ಟಿಯೊಡನೆ ಕಣ್ಣಿನಿಂದ ಹೋಲಿಸಿ ನೋಡಿದಂಥವು ಇಲ್ಲವೇ ಅಂದಿನ ಇಲೆಕ್ಟ್ರೋಡುಗಳಿಂದ ಪಡೆದಂಥವು. ಅವುಗಳಲ್ಲಿಯ ಅನಿಶ್ಚಯ ಶತಾಂಶಗಳಿಂದ ದಶಾಂಶದವರೆಗೆ ಹೋಗುತ್ತದೆ, ಕಾಣಬೇಕಾದ ಬದಲಾವಣೆಯಾದರೋ ಸಹಸ್ರಾಂಶಗಳ ಲೆಕ್ಕದ್ದು. ಮೇಲಾಗಿ ಪಿಎಚ್‌ಗೆ ಒಂದೇ ಮಾಪನಕ್ರಮವಿಲ್ಲ. ಸಿಹಿನೀರಿನ ದ್ರಾವಣಗಳಿಂದ ನಿಗದಿಮಾಡಿದ ಹಳೆಯ ಕ್ರಮಕ್ಕೂ, ಕಡಲ ನೀರಿಗೆಂದೇ ರೂಪಿಸಿದ ಇಂದಿನ ಕ್ರಮಕ್ಕೂ ನಡುವೆ 0.1ಕ್ಕೂ ಮಿಕ್ಕ ಅಂತರವಿದೆ. ಅದು ಎರಡು ಶತಮಾನಗಳ ಒಟ್ಟು ಇಳಿತಕ್ಕಿಂತ ದೊಡ್ಡದು. ಎರಡು ಅಂಗಡಿಗಳಲ್ಲಿ ಎರಡು ಬೇರೆ ಸೇರುಗಳಿಂದ ಅಳೆದ ರಾಗಿ ಲೆಕ್ಕದಲ್ಲಿ ಹೊಂದದೆ ಹೋದರೆ ಅದು ಸೇರಿನ ಕಥೆಯೇ ಹೊರತು ರಾಗಿಯ ಕಥೆಯಲ್ಲ. ಯಾವ ಕ್ರಮದಲ್ಲಿ, ಯಾವ ಉಷ್ಣತೆಯಲ್ಲಿ, ಯಾವ ಋತುವಿನಲ್ಲಿ ಅಳೆದದ್ದೆಂಬ ವಿವರವಿಲ್ಲದ ಅಂಕಿಗಳನ್ನು ಇಂದಿನ ಅಂಕಿಗಳ ಬೆನ್ನಿಗೆ ಜೋಡಿಸಿದರೆ ಏರುವ ರೇಖೆಯನ್ನೂ ಎಳೆಯಬಹುದು, ಇಳಿಯುವ ರೇಖೆಯನ್ನೂ ಎಳೆಯಬಹುದು, ಎರಡಕ್ಕೂ ಬೆಲೆಯಿಲ್ಲ.

ಹಾಗಾದರೆ ಕೈಗಾರಿಕೆಗೆ ಹಿಂದೆ ಕಡಲು 8.2ರ ಸನಿಹದಲ್ಲಿತ್ತೆಂದು ಹೇಳುವುದು ಯಾವ ಆಧಾರದ ಮೇಲೆ? ಅದು ಅಂದು ಅಳೆದದ್ದಲ್ಲ, ಅನುಮಾನಪ್ರಮಾಣದಿಂದ ಸಿದ್ಧವಾದದ್ದು; ಹಾಗೆಂದು ಸ್ಪಷ್ಟವಾಗಿ ಒಪ್ಪಿಕೊಳ್ಳುವುದೇ ಶಾಸ್ತ್ರಕ್ಕೆ ಶೋಭೆ. ಅಂಟಾರ್ಕ್‌ಟಿಕದ ಮಂಜಿನಲ್ಲಿ ಸೆರೆಸಿಕ್ಕಿದ ಗಾಳಿಯ ಗುಳ್ಳೆಗಳಿಂದ ಕಳೆದ 8 ಲಕ್ಷ ವರ್ಷಗಳ ವಾಯುಮಂಡಲವನ್ನು ನಾವು ಬಲ್ಲೆವು. ಆ ದೀರ್ಘಕಾಲದಲ್ಲಿ ಇಂಗಾಲದ ಡೈಆಕ್ಸೈಡು ದಶಲಕ್ಷಕ್ಕೆ 300 ಪಾಲನ್ನು ಹೆಚ್ಚುಕಡಿಮೆ ಎಂದೂ ಮೀರಿದ್ದಿಲ್ಲ, ಕೈಗಾರಿಕೆಯ ಮುನ್ನ ಅದು 280ರಷ್ಟಿತ್ತು. ಮೇಲಿನ ಗಾಳಿಯೊಡನೆ ಕಡಲಿನ ಮೇಲ್ಪದರ ಸಮತೋಲಕ್ಕೆ ಬರುವ ಕ್ರಮವನ್ನು ಬಲ್ಲೆವಾದುದರಿಂದ ಅಂದಿನ ಪಿಎಚ್ ಅನ್ನು ಗಣಿಸಬಹುದು. ಇನ್ನೂ ಹಿಂದಕ್ಕೆ ಹೋಗುವವರು, ಸಾಗರತಳದ ಕೆಸರಿನಲ್ಲಿ ಹುದುಗಿರುವ ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪಿನಲ್ಲಿ ಬೋರಾನ್ ಧಾತುವಿನ ಎರಡು ಸಮಸ್ಥಾನಿಗಳ ಅನುಪಾತವನ್ನು ಪರೀಕ್ಷಿಸಿ, ಆ ಜೀವಿ ಬದುಕಿದ್ದ ನೀರಿನ ಆಮ್ಲತೆಯನ್ನು ಊಹಿಸುತ್ತಾರೆ. ಇವು ಕುಶಲವಾದ ಸಾಧನಗಳು. ಆದರೆ ನೇರವಾಗಿ ಅಳೆದು ಬರೆದಿಟ್ಟ ಲೆಕ್ಕದ ಸ್ಥಾನಕ್ಕೆ ಇವು ಬರಲಾರವು, ಮತ್ತು ಅಳೆಯದೆ ಬಿಟ್ಟ ವರ್ಷವನ್ನು ಎಷ್ಟು ಹಣ ತೆತ್ತರೂ ಮರಳಿ ಕೊಳ್ಳಲಾಗದು.

ಬಿಟ್ಟುಹೋಗುವುದು ಸುಲಭ. ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ 1958ರಲ್ಲಿ ಚಾರ್ಲ್ಸ್ ಡೇವಿಡ್ ಕೀಲಿಂಗ್ ತೊಡಗಿದ ವಾಯುಮಾಪನ ಇಂದು ಲೋಕವಿಖ್ಯಾತ. ಆಗ 315ರಷ್ಟಿದ್ದ ಇಂಗಾಲದ ಡೈಆಕ್ಸೈಡು ಇಂದು 420ನ್ನು ಮೀರಿದೆಯೆಂಬುದನ್ನು ನಾವು ಬಲ್ಲುದು ಆ ಲೆಕ್ಕದಿಂದ. ಆದರೆ ಆ ಮಹತ್ತಾದ ದಾಖಲೆಯಲ್ಲಿಯೂ 1964ರಲ್ಲಿ, ಹಣಕಾಸಿನ ಕಡಿತದ ಫಲವಾಗಿ, ಕೆಲವು ತಿಂಗಳುಗಳ ಬಿಡುವೊಂದು ಉಳಿದಿದೆ. ವೆನೆಜ಼ುವೆಲಾದ ತೀರದ ಕರಿಯಾಕೋ ಕೊಳ್ಳದಲ್ಲಿ 1995ರಿಂದ ನಡೆದು ಬಂದ ಸಾಗರಮಾಪನ 2017ರಲ್ಲಿ ನಿಂತುಹೋಯಿತು. ಉಷ್ಣವಲಯದ ಕಡಲಿನಲ್ಲಿ ಆಮ್ಲತೆಯ ದೀರ್ಘಲೆಕ್ಕವನ್ನು ಇಟ್ಟಿದ್ದ ಕೆಲವೇ ತಾಣಗಳಲ್ಲಿ ಅದೊಂದಾಗಿತ್ತು. ಹೊಸದೊಂದನ್ನು ಕಂಡುಹಿಡಿದೆವೆಂದು ಪ್ರತಿವರ್ಷವೂ ಹೇಳಲಾರದ ಕಾರ್ಯಕ್ಕೆ ಪೋಷಕರು ದೊರೆಯುವುದು ಕಷ್ಟ. ಮೂರು ವರ್ಷಗಳಿಗೊಮ್ಮೆ ಅರ್ಜಿ ಬರೆದು, ಫಲವೇನೆಂದು ಕೇಳಿದವರಿಗೆ ಇನ್ನೂ ಇಪ್ಪತ್ತು ವರ್ಷ ಕಾಯಿರಿ ಎನ್ನಬೇಕಾದ ವಿಜ್ಞಾನಿಯ ಸ್ಥಿತಿಯನ್ನು ನಮ್ಮ ಧನವಿನಿಯೋಗದ ನಿಯಮಗಳು ಅರ್ಥಮಾಡಿಕೊಳ್ಳುವುದಿಲ್ಲ. ಸಂಶೋಧನೆಯ ಹಣದಿಂದ ನಡೆಸತಕ್ಕ ಕೆಲಸವೇ ಇದಲ್ಲ. ಮಳೆಯ ಮಾಪನದಂತೆ, ಜನಗಣತಿಯಂತೆ, ರಾಜ್ಯಭಾರದ ನಿತ್ಯಕರ್ತವ್ಯವಾಗಿ ನಡೆಯತಕ್ಕದ್ದು.

ಹಾಗೆ ನಡೆಸಿದ ಪರಂಪರೆ ನಮ್ಮಲ್ಲಿ ಇಲ್ಲದೆ ಇಲ್ಲ. ಮುಂಬಯಿಯ ಬಂದರಿನಲ್ಲಿ ಕಡಲಿನ ಉಬ್ಬರವಿಳಿತವನ್ನು ಬರೆಯುವ ಯಂತ್ರ 1878ರಿಂದ ಕೆಲಸಮಾಡುತ್ತಿದ್ದು, ಹಿಂದೂ ಮಹಾಸಾಗರದ ಮಟ್ಟ ಒಂದೂಕಾಲು ಶತಮಾನಕ್ಕೂ ಮೀರಿದ ಅವಧಿಯಲ್ಲಿ ಎಷ್ಟು ಏರಿತೆಂದು ಇಂದು ಲೋಕಕ್ಕೆ ಹೇಳುವ ಸಾಕ್ಷಿಗಳಲ್ಲಿ ಅದು ಮೊದಲ ಪಂಕ್ತಿಯದು. ಅದನ್ನು ಸ್ಥಾಪಿಸಿದವರು ಭೂಮಿಯ ಕಾವನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲ; ಹಡಗುಗಳ ಸೌಕರ್ಯಕ್ಕಾಗಿ ಬರೆದಿಟ್ಟರು, ಬರೆಯುವುದನ್ನು ನಿಲ್ಲಿಸಲಿಲ್ಲ. ಆಮ್ಲತೆಯ ವಿಷಯದಲ್ಲಿ ಮಾತ್ರ ಈ ಮಹಾಸಾಗರ ಹಿಂದುಳಿದಿದೆ. 2014ರಲ್ಲಿ ಜಗತ್ತಿನ ಏಳು ದೀರ್ಘಮಾಪನ ತಾಣಗಳ ಫಲಗಳನ್ನು ಒಟ್ಟಿಗೆ ತೂಗಿ ನೋಡಿದ ಒಂದು ಪ್ರಸಿದ್ಧ ಸಮೀಕ್ಷೆ ಪ್ರಕಟವಾಯಿತು. ಐಸ್ಲೆಂಡಿನ ಬಳಿಯ ಎರಡು, ಬರ್ಮುಡಾ, ಕೆನರಿ ದ್ವೀಪಗಳು, ಕರಿಯಾಕೋ, ಹವಾಯಿ, ನ್ಯೂಜಿಲೆಂಡ್ ಇವೇ ಆ ಏಳು. ಏಳೂ ಆಮ್ಲತೆಯ ಏರಿಕೆಯನ್ನೇ ತೋರಿದುವು. ಆ ಏಳರಲ್ಲಿ ಹಿಂದೂ ಮಹಾಸಾಗರದ್ದು ಒಂದೂ ಇರಲಿಲ್ಲ.

ಇದು ನಮಗೆ ಸಂಬಂಧಿಸಿದ ವಿಷಯವಾಗುವುದು ಅರಬ್ಬೀ ಸಮುದ್ರದ ವಿಶಿಷ್ಟವಾದ ಸ್ವಭಾವದಿಂದ. ನೈಋತ್ಯ ಮಾರುತದ ತಿಂಗಳುಗಳಲ್ಲಿ, ಕೇರಳದಿಂದ ಕರ್ನಾಟಕ, ಗೋವೆಗಳವರೆಗಿನ ಕರಾವಳಿಯ ಹೊರಗೆ, ಆಳದ ತಣ್ಣನೆಯ ನೀರು ದಡದತ್ತ ಮೇಲೇರಿ ಬರುತ್ತದೆ. ಜೈವಿಕ ಪದಾರ್ಥಗಳು ಕೊಳೆತು ಆಮ್ಲಜನಕವನ್ನು ಬಹುಮಟ್ಟಿಗೆ ಕಳೆದುಕೊಂಡ ನೀರದು. ಆಮ್ಲಜನಕವನ್ನು ಕಬಳಿಸಿದ ಆ ಕ್ರಿಯೆಯೇ ಇಂಗಾಲದ ಡೈಆಕ್ಸೈಡನ್ನು ತುಂಬಿರುವುದರಿಂದ, ಅದು ಸ್ವಭಾವತಃ ಆಮ್ಲತೆ ಹೆಚ್ಚಿದ ನೀರೂ ಹೌದು. ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಕ್ಯಾಂಡೋಲಿಮ್ ತೀರದ ಹೊರಗೆ 1997ರಿಂದ ನಡೆಸಿದ ಮಾಪನಗಳು ಆಮ್ಲಜನಕದ ಈ ಕೊರತೆಯನ್ನು ಕುರಿತ ಲೋಕಜ್ಞಾನವನ್ನು ಬೆಳೆಸಿವೆ. ಪ್ರಕೃತಿಯೇ ವರ್ಷವರ್ಷವೂ ತರುವ ಈ ಆಮ್ಲತೆಯ ಮೇಲೆ ಮನುಷ್ಯನು ಕೂಡಿಸುತ್ತಿರುವ ಪಾಲೆಷ್ಟೆಂಬುದನ್ನು ಬೇರ್ಪಡಿಸುವುದಕ್ಕೆ, ಹವಾಯಿಯ ಶಾಂತವಾದ ನೀರಿನಲ್ಲಿ ಬೇಕಾದುದಕ್ಕಿಂತಲೂ ದೀರ್ಘವಾದ ಲೆಕ್ಕ ಇಲ್ಲಿ ಬೇಕಾಗುತ್ತದೆ. ತಡವಾಗಿ ತೊಡಗಿದಷ್ಟೂ ಉತ್ತರ ತಡವಾಗುವುದು.

ಉತ್ತರದಿಂದ ಪ್ರಯೋಜನವೇನೆಂದು ಕೇಳುವವರಿಗೆ ಅಮೆರಿಕೆಯ ಪಶ್ಚಿಮ ತೀರದ ಆರೆಗನ್ ಪ್ರಾಂತದಲ್ಲಿ ನಡೆದುದನ್ನು ಹೇಳಬಹುದು. 2007ರ ಸುಮಾರಿನಲ್ಲಿ ಅಲ್ಲಿಯ ಸಿಂಪಿ ಮರಿಗಳ ಪಾಲನಾಗೃಹದಲ್ಲಿ ಮರಿಗಳು ರಾಶಿರಾಶಿಯಾಗಿ ಸತ್ತುವು. ಮೊದಲು ರೋಗಾಣುವೆಂದು ಶಂಕಿಸಿದರು. ಕೊನೆಗೆ ನೀರಿನ ಆಮ್ಲತೆಯನ್ನು ಹೊತ್ತುಹೊತ್ತಿಗೆ ಅಳೆದು ನೋಡಲಾಗಿ, ಗಾಳಿಯ ದಿಕ್ಕಿನಿಂದ ಆಳದ ನೀರು ಮೇಲೆದ್ದು ಬಂದ ದಿನಗಳ ನೀರಿನಲ್ಲಿ ಹುಟ್ಟಿದ ಮರಿಗಳು ಚಿಪ್ಪು ಕಟ್ಟಲಾರದೆ ನಶಿಸುತ್ತಿದ್ದುವೆಂದು ಗೊತ್ತಾಯಿತು. ಅನಂತರ ಅವರು ಅಳತೆಯನ್ನು ನೋಡಿಕೊಂಡು ನೀರನ್ನು ತೆಗೆದುಕೊಳ್ಳುವ ಹೊತ್ತನ್ನು ಆರಿಸಿದರು, ಅವಶ್ಯವಾದಾಗ ಸೋಡಾ ಬೆರೆಸಿ ಹದಗೊಳಿಸಿದರು, ಕಸುಬು ಉಳಿಯಿತು. ನಮ್ಮ ಕುಮಟಾ ಸೀಮೆಯ ಅಘನಾಶಿನಿಯ ಅಳಿವೆಯಲ್ಲಿ ಬಳಚು ಆಯ್ದು ಬದುಕುವ ಕುಟುಂಬಗಳೂ, ದಕ್ಷಿಣದ ಅಳಿವೆಗಳಲ್ಲಿ ಮರುವಾಯಿ ಹೆಕ್ಕುವವರೂ ಸುಣ್ಣದ ಚಿಪ್ಪಿನ ಜೀವಿಗಳನ್ನೇ ನಂಬಿದವರು. ಬಳಚು ಕಡಮೆಯಾದ ವರ್ಷ ಅದಕ್ಕೆ ಮರಳುಗಾರಿಕೆ ಕಾರಣವೋ, ಮಳೆಯ ಸಿಹಿನೀರು ಕಾರಣವೋ, ಅತಿಯಾದ ಸಂಗ್ರಹಣೆಯೋ, ಕಡಲಿನ ನೀರೋ ಎಂದು ಅವರು ಕೇಳಿದರೆ, ಊಹೆಯನ್ನಲ್ಲದೆ ಅಳತೆಯನ್ನು ಅವರ ಮುಂದಿಡುವ ಸಾಮರ್ಥ್ಯ ಸರ್ಕಾರಕ್ಕೆ ಇರಬೇಡವೇ?

ಬೇಕಾದುದು ಆಡಂಬರದ ಯೋಜನೆಯಲ್ಲ. ಕಾರವಾರದಿಂದಾಗಲಿ ಮಂಗಳೂರಿನಿಂದಾಗಲಿ ಹೊರಟು ದಡದ ಬಳಿ, ನಡುವೆ, ಮತ್ತು ಕಡಲಿನ ಇಳಿಜಾರು ಆರಂಭವಾಗುವೆಡೆ ಎಂದು ಮೂರೇ ನೆಲೆಗಳು. ಒಪ್ಪಿತವಾದ ವಿಧಾನ, ಪ್ರಮಾಣಜಲದ ಪರೀಕ್ಷೆ, ಯಾರು ಕೇಳಿದರೂ ತೆರೆದು ತೋರುವ ದಾಖಲೆ. ಕಾರವಾರದಲ್ಲಿ ವಿಶ್ವವಿದ್ಯಾಲಯದ ಸಾಗರಜೀವಶಾಸ್ತ್ರ ವಿಭಾಗವಿದೆ, ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಮಹಾವಿದ್ಯಾಲಯವಿದೆ, ಹೈದರಾಬಾದಿನಲ್ಲಿ ಸಾಗರಮಾಹಿತಿಯ ಕೇಂದ್ರಸಂಸ್ಥೆಯಿದೆ. ಜನರಿಗೆ ಕೊರತೆಯಿಲ್ಲ, ಐವತ್ತು ವರ್ಷಗಳ ಭರವಸೆಯನ್ನು ಅವರಿಗೆ ಬರೆದುಕೊಡುವವರಿಗೆ ಮಾತ್ರ ಕೊರತೆ. ಒಂದು ವಿಷಯವನ್ನು ಮಾತ್ರ ಮೊದಲೇ ಯೋಚಿಸಬೇಕು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷಿದ್ಧ. ಮಾರುತದ ಅಬ್ಬರದಲ್ಲಿ ಚಿಕ್ಕ ಹಡಗುಗಳೂ ಹೊರಡಲಾರವು. ಆಳದ ನೀರು ದಡದತ್ತ ಏರತೊಡಗುವ ಕಾಲವೂ ಅದೇ. ಆ ಎರಡು ತಿಂಗಳ ಲೆಕ್ಕ ತಪ್ಪಿಹೋಗದಂತೆ, ಲಂಗರು ಹಾಕಿ ನಿಲ್ಲಿಸಿದ ತೇಲುಯಂತ್ರವೊಂದನ್ನು ಮೂರು ನೆಲೆಗಳಲ್ಲಿ ಒಂದರಲ್ಲಾದರೂ ಸ್ಥಾಪಿಸಿ, ಮಾರುತಕ್ಕೆ ಮುನ್ನ ಒಮ್ಮೆ, ಮಾರುತ ಕಳೆದೊಡನೆ ಮತ್ತೊಮ್ಮೆ, ಹಡಗಿನಿಂದ ತಂದ ಸೀಸೆಯ ನೀರಿನೊಡನೆ ಅದರ ಓದನ್ನು ತಾಳೆನೋಡುವ ವ್ಯವಸ್ಥೆಯನ್ನು ಮೊದಲ ವರ್ಷದ ಆಯವ್ಯಯದಲ್ಲಿಯೇ ಸೇರಿಸತಕ್ಕದ್ದು.